ಪರದೆಗೆ ಅಳತೆ ತೆಗೆದ ಮಾದಪ್ಪ

ತಾಳವಾಡಿಯ ಮಾದಪ್ಪನವರು ಅಳತೆ ತೆಗೆಯದೆ ಯಾರಿಗೂ ಕಂಪ್ಯೂಟರ್ ಪರದೆ ಮಾರಿದವರಲ್ಲ. ಅಳತೆ ಎಂದರೆ ಪರದೆಯದಲ್ಲ, ಕೊಳ್ಳಲು ಬಂದವರದು. ಗಿರಾಕಿಯನ್ನು ಸ್ಟೂಲಿನ ಮೇಲೆ ಕೂರಿಸಿ, ತಮ್ಮ ಕೊರಳಿನ ಹಳದಿ ಟೇಪನ್ನು ಎಳೆದು, ಒಂದು ತುದಿಯನ್ನು ಆತನ ಹುಬ್ಬುಗಳ ನಡುವೆ ಒತ್ತಿ ಹಿಡಿಯುತ್ತಿದ್ದರು; ಇನ್ನೊಂದು ತುದಿಯನ್ನು ಮೇಜಿನ ಮೇಲೆ ಪರದೆ ನಿಲ್ಲಬೇಕಾದ ಜಾಗದವರೆಗೆ ಒಯ್ಯುತ್ತಿದ್ದರು. ಆಮೇಲೆ ಕತ್ತಿನ ಎತ್ತರ, ಮೊಣಕೈಯ ಎತ್ತರ. ಎಲ್ಲವನ್ನೂ ರಟ್ಟಿನ ಚೂರೊಂದರ ಮೇಲೆ ಬರೆದುಕೊಂಡು, "ಸರಿ, ಇನ್ನ ನಿಮ್ಗ ಏನ್ ಬೇಕು ಏಳಿ" ಎನ್ನುತ್ತಿದ್ದರು. ಬೇರೆ ಅಂಗಡಿಯವರು ಮೊದಲು ಕೇಳುವ ಪ್ರಶ್ನೆಯನ್ನು ಇವರು ಕೊನೆಗೆ ಕೇಳುತ್ತಿದ್ದರು.

ಅವರು ಮೂಲತಃ ದರ್ಜಿ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ನಮ್ಮ ಸೀಮೆಯವರ ಅಂಗಿ, ಪ್ಯಾಂಟು ಹೊಲಿದವರು. ಸಿದ್ಧ ಉಡುಪು ಬಂದು ಅವರ ಕಸುಬು ಕೆಟ್ಟಿತು, ಆದ್ದರಿಂದ ಕಂಪ್ಯೂಟರಿಗೆ ತಿರುಗಿದರು ಎಂಬುದು ತಾಳವಾಡಿಯಲ್ಲಿ ಎಲ್ಲರೂ ಹೇಳುತ್ತಿದ್ದ ಮಾತು. ಎಲ್ಲರೂ ಒಂದೇ ಮಾತನ್ನು ಒಂದೇ ರೀತಿಯಲ್ಲಿ ಹೇಳಿದರೆ ನನಗೆ ಅದರ ಮೇಲೆ ಅನುಮಾನ ಹುಟ್ಟುತ್ತದೆ. ಅವರು ಮಷಿನ್ನು ಮುಚ್ಚಿಟ್ಟ ವರ್ಷವೂ ಮದುವೆಯ ಕಾಲದಲ್ಲಿ ಅಂಗಡಿಯ ಮುಂದೆ ಜನ ಕಾಯುತ್ತಿದ್ದುದನ್ನು ಕಣ್ಣಾರೆ ಕಂಡವನು ನಾನು. ಆದರೆ ಕೇಳಿದಾಗಲೆಲ್ಲ ಅವರು ನಕ್ಕು ಬೇರೆ ಮಾತು ತೆಗೆಯುತ್ತಿದ್ದರು.

ನಮ್ಮಿಬ್ಬರ ನಿಜವಾದ ಪರಿಚಯವಾದದ್ದು ಮೊಮ್ಮಗಳು ಪವಿತ್ರಳ ದೆಸೆಯಿಂದ. ದೊಡ್ಡಗಾಜನೂರಿನಲ್ಲಿ ನನ್ನ ಮಗಳ ಮನೆ ನನ್ನ ಮನೆಗೆ ಅಂಟಿಕೊಂಡೇ ಇದೆ. ಪವಿತ್ರ ಸತ್ಯಮಂಗಲದಲ್ಲಿ ಪದವಿ ಮುಗಿಸಿ ಬಂದು, ಕಂಪ್ಯೂಟರಿನಲ್ಲಿ ಗುಂಡು ಹಾರಿಸುವ ಆಟವೊಂದನ್ನು ಹಿಡಿದಿದ್ದಳು. ಅದು ಹೊತ್ತು ಕಳೆಯುವ ಆಟವಲ್ಲವೆಂದು ನನಗೆ ಅರ್ಥವಾಗಲು ಕೆಲವು ತಿಂಗಳು ಹಿಡಿಯಿತು. ಬೇರೆ ಬೇರೆ ಊರುಗಳ ನಾಲ್ವರು ಹುಡುಗಿಯರೊಡನೆ ಅವಳದೊಂದು ತಂಡವಿತ್ತು. ಹೆಣ್ಣುಮಕ್ಕಳ ಪಂದ್ಯಾವಳಿಯೊಂದಕ್ಕೆ ಆ ತಂಡ ಆಯ್ಕೆಯೂ ಆಗಿತ್ತು. ತೊಡಕೆಂದರೆ, ಮನೆಯ ಗೋಡೆಯಲ್ಲಿದ್ದ ಟೀವಿಗೇ ಕಂಪ್ಯೂಟರನ್ನು ತಗುಲಿಸಿ, ಅದರ ಕೆಳಗೆ ಮೇಜು ಹಾಕಿಕೊಂಡು, ಕತ್ತೆತ್ತಿ ಆಡುತ್ತಿದ್ದಳು. ಅರ್ಧ ತಾಸು ಕಳೆಯುವಷ್ಟರಲ್ಲಿ ತಲೆನೋವು. ಎರಡು ಸಲ ವಾಂತಿಯೂ ಆಯಿತು. ಕಣ್ಣಿನ ಡಾಕ್ಟರು ಪರೀಕ್ಷಿಸಿ ದೃಷ್ಟಿಯಲ್ಲಿ ದೋಷವಿಲ್ಲ ಎಂದರು.

ನನ್ನ ಅಳಿಯ ನಂಜುಂಡ ಕೆಟ್ಟವನಲ್ಲ. ಮಗಳ ಕಣ್ಣು ಹೋದೀತೆಂಬ ಭಯ ಅವನದು. ಒಂದು ಬೆಳಿಗ್ಗೆ ಜಗಲಿಯಲ್ಲಿ ನಿಂತು ಕಡೆಯ ಮಾತು ಹೇಳಿಬಿಟ್ಟ: "ಮಾವ, ಪಂದ್ಯಕ್ಕ ಇನ್ನು ಒಂದ್ ತಿಂಗ್ಳು ಅದ. ಅಷ್ಟ್ರಲ್ಲಿ ಈ ತಲೆನೋವು ನಿಂತ್ರೆ ಸರಿ. ಇಲ್ದೋದ್ರೆ ಆ ಕಂಪ್ಯೂಟರ್ ಪೆಟ್ಗೆನ ಯಾರ್ಗಾರ ಕೊಟ್ ಬುಡ್ತಿನಿ. ನೀವು ಅಡ್ಡ ಬರ್ಬೇಡಿ."

ಪವಿತ್ರ ಒಳಗೆ ಬಂದು ನನ್ನ ಪಕ್ಕದಲ್ಲಿ ಕೂತು, "ತಾತ, ನಾನು ಬುಟ್ರೆ ಅವ್ರು ನಾಲ್ಕೇ ಜನ ಆಯ್ತಾರೆ. ನಾಲ್ಕು ಜನರನ್ನ ಆಡಕ್ಕೆ ಬುಡಕಿಲ್ಲ" ಎಂದಳು. ಮರುದಿನವೇ ಅವಳನ್ನು ಕರೆದುಕೊಂಡು ತಾಳವಾಡಿಯ ಬಸ್ಸು ಹತ್ತಿದೆ.

ಮೂವತ್ತೆರಡು ಅಂಗುಲದ ಪರದೆ ಬೇಕು, ಅದೂ ನಾಲ್ಕು ಸಾವಿರ ಚುಕ್ಕಿ ಅಗಲದ್ದಾಗಬೇಕು ಎಂದು ಅವಳು ಯಾವುದೋ ವಿಡಿಯೋ ನೋಡಿ ನಿಶ್ಚಯಿಸಿದ್ದಳು. ಮಾದಪ್ಪನವರು ಅವಳ ಅಳತೆ ತೆಗೆದುಕೊಳ್ಳುತ್ತಿರುವಾಗ ನಾನು ಅಲ್ಲಿದ್ದ ಇಪ್ಪತ್ತೇಳು ಅಂಗುಲದ ಪರದೆಯೊಂದನ್ನು ಮೇಜಿನ ಮೇಲಿದ್ದ ಇನ್ನೊಂದು ಟೇಪಿನಿಂದ ಅಳೆಯತೊಡಗಿದೆ. ಅಗಲ ಇಪ್ಪತ್ತಮೂರೂವರೆ ಮಾತ್ರ ಬಂತು.

"ಮಾದಪ್ಪ, ಡಬ್ಬಿ ಮೇಲೆ ಇಪ್ಪತ್ತೇಳು ಅಂತ ಬರ್ದದ. ಮಿಕ್ಕ ಮೂರೂವರೆ ಎಲ್ಲೋಯ್ತು?"

"ಮೂಲೇಲಿ ಅದ, ಲಾಯರಣ್ಣ. ಟೇಪ ಓರೆ ಇಡ್ಕಳಿ." ವಾದ ಮಾಡುತ್ತೇನೆಂದು ಸುತ್ತಲಿನವರು ನನಗಿಟ್ಟ ಹೆಸರು ಅವರಿಗೂ ಗೊತ್ತಿತ್ತು.

"ಒಲ ಗದ್ದೆಯ ಯಾರಾರ ಮೂಲೆಯಿಂದ ಮೂಲೆಗ ಅಳೀತಾರ?"

"ಮಾರೋರ್ಗ ಆಸೆ ಇತ್ತು. ಸರ್ವೇದೋರು ಬುಡ್ಲಿಲ್ಲ!"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನು ನಗಲಿಲ್ಲ. ಎಂಟನೆಯ ತರಗತಿಗೆ ಶಾಲೆ ಬಿಟ್ಟವನಾದರೂ ಲಂಬಕೋನದ ಲೆಕ್ಕವನ್ನು ಸ್ವಂತವಾಗಿ ಕಲಿತಿದ್ದೇನೆ. ಅಗಲವನ್ನೂ ಎತ್ತರವನ್ನೂ ವರ್ಗ ಮಾಡಿ ಕೂಡಿಸಿ ನೋಡಿದೆ. ಇಪ್ಪತ್ತೇಳರ ವರ್ಗವಾದ ಏಳುನೂರ ಇಪ್ಪತ್ತೊಂಬತ್ತು ಬರಬೇಕಾದಲ್ಲಿ ಏಳುನೂರ ಇಪ್ಪತ್ತಾರು ಚಿಲ್ಲರೆ ಬಂತು. ಹತ್ತಿರ ಹತ್ತಿರ ಸರಿಯೇ. "ಬಟ್ಟೆ ಟೇಪು ಅಣ್ಣ, ಎಳ್ದು ಎಳ್ದು ಒಸಿ ಉದ್ದ ಆಗದ" ಎಂದು ಅವರೇ ಮಿಕ್ಕದ್ದಕ್ಕೂ ಲೆಕ್ಕ ಕೊಟ್ಟರು.

ಚುಕ್ಕಿಗಳ ವಿಷಯವನ್ನು ಅವರು ವಿವರಿಸಿದ ಬಗೆಯನ್ನು ಇಂದಿಗೂ ನಾನು ಬೇರೆಯವರಿಗೆ ಹೇಳುತ್ತೇನೆ. ಕಂಪ್ಯೂಟರಿನ ಚಿತ್ರವೆಲ್ಲ ಸಣ್ಣ ಸಣ್ಣ ಚುಕ್ಕಿಗಳಿಂದ ಆದದ್ದು. "ಇವ ನೂಲು ಅಂತ ತಿಳ್ಕಳಿ. ಅಷ್ಟೇ ನೂಲ ದೊಡ್ಡ ಮಗ್ಗಕ್ಕ ಎಳುದ್ರೆ ಬಟ್ಟೆ ಜರಡಿ ಆಯ್ತದ. ನಿಮ್ಮನೆ ಟೀವಿ ಅಂಗೇಯ, ದೂರದಿಂದ ನೋಡಕ್ಕ ಚೆಂದ, ಮುಖದ ಅತ್ರ ತಂದ್ರೆ ಜರಡಿ." ನಾಲ್ಕು ಸಾವಿರದ ಪರದೆ ಯಾಕೆ ಬೇಡ ಎಂದು ಪವಿತ್ರ ಕೇಳಿದಾಗ, "ನೂಲು ಎಚ್ಚಾದ್ರೆ ನೇಯೋವ್ನ ಕೈ ಅಷ್ಟೇ ಬಿರ್ರನೆ ಓಡ್ಬೇಕಲ್ಲವ್ವ? ನಿನ್ನ ಪೆಟ್ಗೆ ಒಳಗ ಚಿತ್ರ ಬುಡ್ಸೋ ಕಾರ್ಡು ಚಿಕ್ಕುದು. ಅದು ಅರ್ಧ ನೇಯೋ ಒತ್ಗೆ ನಿನ್ನ ಎದ್ರಾಳಿ ಗುಂಡು ಒಡ್ದು ಒಂಟೋಗಿರ್ತಾನೆ" ಎಂದರು.

ನಾನು ಅದನ್ನೂ ನಂಬದೆ ಮನೆಗೆ ಬಂದು ಗುಣಿಸಿದೆ. ಸಾಮಾನ್ಯ ಪರದೆಯಲ್ಲಿ ಇಪ್ಪತ್ತು ಲಕ್ಷದ ಮೇಲೆ ಚುಕ್ಕಿಗಳು. ಮಧ್ಯಮದ್ದರಲ್ಲಿ ಮೂವತ್ತಾರು ಲಕ್ಷದ ಮೇಲೆ. ಅವಳು ಕೇಳಿದ್ದರಲ್ಲಿ ಎಂಬತ್ತೆರಡು ಲಕ್ಷ ಚಿಲ್ಲರೆ. ನಮ್ಮ ಟೀವಿಯಲ್ಲಿ ಅಗಲದ ಒಂದು ಅಂಗುಲಕ್ಕೆ ನಲವತ್ತೊಂಬತ್ತೇ ಚುಕ್ಕಿ. ಮಾದಪ್ಪನವರ ಇಪ್ಪತ್ತೇಳು ಅಂಗುಲದ ಮಧ್ಯಮ ಪರದೆಯಲ್ಲಿ ನೂರ ಒಂಬತ್ತು. ಆ ಮನುಷ್ಯ ಹೇಳಿದ್ದು ಜರಡಿಯೇ.

ಆದರೂ ಅವರು ಅಂದು ಪರದೆ ಕೊಡಲಿಲ್ಲ. ಹಳೆಯ ಪತ್ರಿಕೆಗಳನ್ನು ಅಂಟಿಸಿ, ಅಂಗಿಗೆ ಕಾಗದದ ಅಚ್ಚು ಕತ್ತರಿಸುವ ಹಾಗೆಯೇ ಇಪ್ಪತ್ತನಾಲ್ಕು, ಇಪ್ಪತ್ತೇಳು, ಮೂವತ್ತೆರಡು ಅಂಗುಲಗಳ ಮೂರು ಅಚ್ಚು ಕತ್ತರಿಸಿಕೊಟ್ಟರು. ಟೀವಿ ಬಿಚ್ಚಿ, ಕಣ್ಣಿನ ನೇರಕ್ಕೆ ಒಂದೊಂದನ್ನು ಒಂದೊಂದು ದಿನ ಗೋಡೆಗೆ ಅಂಟಿಸಿ, ಅದರ ಮುಂದೆ ಕೂತು ನಾಲ್ಕೂ ಮೂಲೆ ನೋಡಬೇಕು. ಕತ್ತು ತಿರುಗಿದರೆ ಅದು ದೊಡ್ಡದಾಯಿತು. ಕಣ್ಣಷ್ಟೇ ತಿರುಗಿದರೆ ಸರಿಯಾಯಿತು. ಗಿರಾಕಿಗಳೆಲ್ಲರಿಗೂ ಅವರು ಹಾಕಿದ್ದ ನೇಮ ಇದು. ಮೂರು ದಿನ ಪವಿತ್ರ ಖಾಲಿ ಕಾಗದದ ಮುಂದೆ ಕೂತಳು. ನನ್ನ ಮಗಳು ಅದರ ಮೂಲೆಗೆ ಹಾಲಿನ ಚೀಟಿ ಸಿಕ್ಕಿಸಿದಳು. ನಂಜುಂಡ ನೋಡಿ, "ಈಗೇನು ಪೇಪರ್ಗೆ ಗುಂಡೊಡೀತಿದ್ದೀಯ?" ಎಂದ. ಮೂವತ್ತೆರಡಕ್ಕೆ ಕತ್ತು ತಿರುಗಿತು. ಇಪ್ಪತ್ತೇಳಕ್ಕೆ ಕಣ್ಣು ಸಾಕಾಯಿತು. ನನ್ನ ಲೆಕ್ಕವೂ ಅದನ್ನೇ ಹೇಳುತ್ತಿತ್ತಾದ್ದರಿಂದ ನಾನು ಗಟ್ಟಿಯಾಗಿ ಅದಕ್ಕೇ ನಿಂತೆ. ಇಪ್ಪತ್ತೇಳು ಅಂಗುಲದ ಮಧ್ಯಮ ಪರದೆ ಮನೆಗೆ ಬಂತು.

ಎರಡು ದಿನ ಎಲ್ಲವೂ ಸುಸೂತ್ರ. ಮೂರನೆಯ ದಿನ ಮಧ್ಯಾಹ್ನ ಪವಿತ್ರ ಹಣೆಗೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗಿದ್ದಳು. ನಂಜುಂಡ ತಿಗನಾರೆಯ ಪರಿಚಯದವನೊಬ್ಬನಿಗೆ ಫೋನು ಮಾಡಿ, ಸೋಮವಾರ ಬಂದು ಪೆಟ್ಟಿಗೆ ನೋಡಿಕೊಂಡು ಹೋಗಲು ಹೇಳಿದ. ನಾನು ಮಾದಪ್ಪನವರಿಗೆ ಫೋನು ಮಾಡಿ, "ನಿನ್ ಅಳ್ತೆ ತಪ್ಪು" ಎಂದಷ್ಟೇ ಹೇಳಿ ಇಟ್ಟುಬಿಟ್ಟೆ. ನನ್ನ ಲೆಕ್ಕವೂ ತಪ್ಪಾಗಿತ್ತೆಂಬುದನ್ನು ಆಗ ಹೇಳುವಷ್ಟು ದೊಡ್ಡತನ ನನಗಿರಲಿಲ್ಲ.

ಮರುದಿನ ಅಂಗಡಿ ಮುಚ್ಚಿ ಅವರೇ ಬಸ್ಸಿನಲ್ಲಿ ಬಂದರು. "ಏನೂ ಮಾತಾಡ್ಬೇಡವ್ವ. ನಾನಿಲ್ಲಿ ಇಲ್ಲ ಅನ್ಕ. ಆಡು" ಎಂದು ಪವಿತ್ರಳ ಹಿಂದೆ ಮೂಲೆಯಲ್ಲಿ ಮಣೆ ಹಾಕಿಕೊಂಡು ಕೂತರು. ಮೊದಲು ಅವಳು ನೆಟ್ಟಗೆ ಕೂತಿದ್ದಳು. ಆಟ ಬಿಸಿಯಾದಂತೆ ಬೆನ್ನು ಬಾಗಿತು, ಗಲ್ಲ ಮುಂದಕ್ಕೆ ಬಂತು. ಕಾಲು ತಾಸಿನಲ್ಲಿ ಮೂಗು ಪರದೆಗೆ ಒಂದೂವರೆ ಅಡಿ ದೂರದಲ್ಲಿತ್ತು. ಮಾದಪ್ಪನವರು ಸದ್ದಿಲ್ಲದೆ ಎದ್ದು ಅವಳ ಕಿವಿಯ ಬಳಿ ಟೇಪು ಹಿಡಿದು ನೋಡಿ ಮತ್ತೆ ಕೂತರು. ಪರದೆಯ ಮೂಲೆಗಳಲ್ಲಿ ಶತ್ರು ಕಂಡಾಗಲೆಲ್ಲ ಅವಳ ಕತ್ತು ಗಿಳಿಯ ಕತ್ತಿನಂತೆ ತಿರುಗುತ್ತಿತ್ತು. ಓಡುವ ಚಿತ್ರ ಆಗಾಗ ತಡವರಿಸುತ್ತಲೂ ಇತ್ತು.

ಹೊರಗೆ ಜಗಲಿಗೆ ಬಂದು ಅವರು ಹಣೆ ತಟ್ಟಿಕೊಂಡರು. "ಲಾಯರಣ್ಣ, ಟೇಪು ಇಡ್ದ ತಕ್ಷಣ ಎಲ್ಲಾರೂ ಒಟ್ಟೆ ಒಳಕ್ಕ ಎಳ್ಕಂಡು, ಎದೆ ಉಬ್ಬುಸ್ಕಂಡು ನಿಂತ್ಕತರೆ. ಅದ ನಂಬಿ ಒಲಿದ್ರೆ ಉಣ್ಣಕ್ ಕುಂತಾಗ ಗುಂಡಿ ಕಿತ್ತೋಯ್ತದ. ಇಪ್ಪತ್ತು ವರ್ಸ ನಂಗಿದು ಗೊತ್ತು. ಆದ್ರೂ ಈ ಮಗು ಸೆಟ್ಗಂಡು ಕುಂತಿದ್ದಾಗ್ಲೇ ಅಳ್ತೆ ತಕ್ಕಂಡೆ. ಖಾಲಿ ಪೇಪರ್ ನೋಡಕ್ಕ ಯಾರು ಬಗ್ತಾರೆ ಏಳಿ?"

ಆ ಮೂರು ದಿನದ ಪರೀಕ್ಷೆಯಲ್ಲಿ ಅಷ್ಟು ಲೆಕ್ಕ ಹಾಕಿದ ನನಗೂ ಇದು ಹೊಳೆದಿರಲಿಲ್ಲ. ಈಗ ಅದನ್ನು ಒಪ್ಪಿಕೊಂಡೆ.

"ನೆಟ್ಗ ಕುಂತ್ಕ ಅಂತ ಏಳುದ್ರಾಯ್ತು" ಎಂದ ನಂಜುಂಡ.

"ಆಯ್ತದ, ಆಡ್ದೆ ಇದ್ರೆ. ಆಡೋವಾಗ ಯಾರ್ ಮಾತೂ ಕೇಳ್ಸಕಿಲ್ಲ. ಅವ್ಳಿಗ ತಕ್ಕಂಗ ಪರ್ದೆ ಇರ್ಬೇಕೇ ಒರ್ತು ಪರ್ದೆಗ ತಕ್ಕಂಗ ಅವ್ಳಲ್ಲ."

ಆಮೇಲೆ ಮಾದಪ್ಪನವರು, ನಾನು ವರ್ಷಗಳಿಂದ ಕೇಳುತ್ತಿದ್ದ ಪ್ರಶ್ನೆಗೆ ನಾನು ಕೇಳದೆಯೇ ಉತ್ತರ ಕೊಟ್ಟರು. ಅದನ್ನು ಹೇಳಿದ್ದು ನನಗಲ್ಲ, ನಂಜುಂಡನಿಗೆ. "ನಾನು ಒಲಿಗೆ ಬುಟ್ಟುದ್ದು ರೆಡಿಮೇಡ್ ಬಂತು ಅಂತಲ್ಲ ಕಣಪ್ಪ. ಕಪ್ ಬಟ್ಟೆ ಮೇಲೆ ಕಪ್ ನೂಲು ಕಾಣ್ದೆ ಓಯ್ತು. ಕಣ್ಣಿನ ನರ ಒಣಗ್ತಾ ಅದ. ಡಾಕ್ಟ್ರು, ಇದು ಒಲಿಗೆಯಿಂದ ಬಂದುದ್ದಲ್ಲ ಅಂದ್ರು. ನಂಗ ನಂಬ್ಕೆ ಇಲ್ಲ. ಬಗ್ಗಿ ಬಗ್ಗಿ ನೋಡಿ ಕಳ್ಕಂಡೆ ಅಂತ್ಲೇ ನನ್ ಮನ್ಸು ಏಳ್ತದ. ಅದ್ಕೇ ಅಳ್ತೆ ತಕ್ಕಳ್ದೆ ಯಾರ್ಗೂ ಮಾರಕಿಲ್ಲ. ನಿನ್ ಮಗಳಿಗ ತಪ್ ಅಳ್ತೆ ಕೊಟ್ಟೆ. ಇನ್ನೊಂದ್ ಸಲ ಕೊಡಕ್ಕ ಬುಡು."

ಜೀವಮಾನವೆಲ್ಲ ಬಲ್ಲವರ ಮಾತನ್ನು ಪ್ರಶ್ನಿಸುತ್ತ ಬಂದ ನಾನು ಅಂದು ಡಾಕ್ಟರ ಪಕ್ಷ ವಹಿಸಿದೆ. ಹೊಲಿಗೆ ಕಾರಣವಾಗಿದ್ದರೆ ಈ ಸೀಮೆಯ ದರ್ಜಿಗಳೆಲ್ಲರಿಗೂ ಹಾಗೆ ಆಗಬೇಕಿತ್ತಲ್ಲ ಎಂದೆ. ಮಾದಪ್ಪನವರು ನನ್ನ ಮಾತನ್ನು ಒಪ್ಪಲಿಲ್ಲ. ನಂಜುಂಡ ಮಾತ್ರ ಒಳಗೆ ಹೋಗಿ ತಿಗನಾರೆಗೆ ಫೋನು ಮಾಡಿ, ಸೋಮವಾರ ಬರುವುದು ಬೇಡವೆಂದ.

ದೊಡ್ಡ ಪರದೆ ಹಿಂದಕ್ಕೆ ಹೋಯಿತು. ಇಪ್ಪತ್ತನಾಲ್ಕು ಅಂಗುಲದ, ಇಪ್ಪತ್ತು ಲಕ್ಷ ಚುಕ್ಕಿಯ ಸಾಮಾನ್ಯ ಪರದೆ ಬಂತು. ವಿಡಿಯೋದವರು ಕೀಳಾಗಿ ಕಾಣುತ್ತಿದ್ದ ಅಳತೆ ಅದು. "ನೂಲೂ ಕಮ್ಮಿ, ಮಗ್ಗಾನೂ ಚಿಕ್ದು. ನೇಯ್ಗೆ ಒಂಚೂರು ಒರಟು, ಅಷ್ಟೇಯ. ಕಾರ್ಡು ಮಾತ್ರ ಎಲ್ಲೂ ಮುಗ್ಗರ್ಸಕಿಲ್ಲ" ಎಂದು ಅವರೇ ಕೂರಿಸಿಕೊಟ್ಟರು. ಒಂದು ಅಂಗುಲಕ್ಕೆ ತೊಂಬತ್ತೆರಡು ಚುಕ್ಕಿ. ಗುಣಿಸಿ, ಭಾಗಿಸಿ ನೋಡಿದ್ದೇನೆ. ಪರದೆ ಅವಳ ಬಾಗಿದ ಕಣ್ಣಿನ ನೇರಕ್ಕೆ ಬರಲೆಂದು ಮೇಜಿನ ಕಾಲುಗಳನ್ನೂ ಮೂರು ಅಂಗುಲ ಕೊಯ್ಯಿಸಿದರು.

ಪಂದ್ಯ ನಡೆದದ್ದು ಒಂದು ಭಾನುವಾರ ಬೆಳಿಗ್ಗೆ. ಮಾದಪ್ಪನವರು ಕರೆಯದೆಯೇ ಬಂದು ನನ್ನ ಪಕ್ಕ ಕೂತರು. ಸ್ವಲ್ಪ ಹೊತ್ತಿನಲ್ಲಿ ನನ್ನ ಕಡೆ ಬಾಗಿ, "ಅಣ್ಣ, ಏನ್ ನಡೀತಾ ಅದ ಏಳಿ" ಎಂದು ಪಿಸುಗುಟ್ಟಿದರು. ಅವರ ಕಣ್ಣಿಗೆ ಅಷ್ಟು ದೂರದ ಪರದೆ ಬರಿಯ ಬೆಳಕಾಗಿ ಕಾಣುತ್ತಿತ್ತೆಂದು ಆಗ ತಿಳಿಯಿತು. ಆ ಆಟದ ತಲೆಬುಡ ತಿಳಿಯದ ನಾನು ಕಂಡದ್ದನ್ನು ಕಂಡ ಹಾಗೆ ಹೇಳುತ್ತ ಹೋದೆ: ಗೋಡೆ, ಮೆಟ್ಟಿಲು, ಹೊಗೆ, ಯಾರೋ ಬಿದ್ದರು, ನಮ್ಮವಳಲ್ಲ. ಮೊದಲ ಪಂದ್ಯ ಗೆದ್ದರು. ಎರಡನೆಯದನ್ನು ಸೋತರು.

ಪವಿತ್ರ ಕಿವಿಗೆ ಹಾಕಿದ್ದ ಹೆಡ್‌ಫೋನ್ ತೆಗೆದು ತಿರುಗಿದಾಗ ಅವರು ಸೋಲು ಗೆಲುವಿನ ಮಾತೆತ್ತಲಿಲ್ಲ. "ತಲೆನೋವು ಬಂತೇನವ್ವ?" ಎಂದರು.

"ಇಲ್ಲ ದೊಡ್ಡಪ್ಪ."

"ನಿಜ ಏಳು."

"ಇಲ್ಲ. ಬೇಜಾರಾಗದ ಅಷ್ಟೇ. ಮುಂದಿನ ಸಲ ಬುಡಕಿಲ್ಲ ನಮ್ಮುನ್ನ ಸೋಲ್ಸಿದೋರ್ನ."

ಬಾಗಿಲಲ್ಲಿ ನಿಂತಿದ್ದ ನಂಜುಂಡನ ಕಡೆಗೆ ಎಲ್ಲರೂ ನೋಡಿದೆವು. ಅವನು, "ಮುಂದಿನ ಸಲ ಯಾವಾಗ?" ಎಂದು ಕೇಳಿದ.

ಆರು ತಿಂಗಳ ನಂತರ ಮಾದಪ್ಪನವರು ತೀರಿಕೊಂಡರೆಂದು ದಿಂಬಂನ ಚಹಾದಂಗಡಿಯಲ್ಲಿ ಯಾರೋ ಹೇಳಿದರು. ನಾನು ನಂಬದೆ ತಾಳವಾಡಿಯವರೆಗೂ ಹೋದೆ. ಮಾತು ನಿಜವಾಗಿತ್ತು. ಅವರು ಕಂಪ್ಯೂಟರ್ ಕಲಿತವರೇ ಅಲ್ಲ, ಬಟ್ಟೆ ಹೊಲಿಯುವವರು, ಏನೋ ಅಂದಾಜಿನಲ್ಲಿ ಮಾರುತ್ತಿದ್ದರು ಎಂದು ಅಲ್ಲಿ ಈಗ ಹೇಳುವವರಿದ್ದಾರೆ. ಹೇಳಲಿ. ನಾನು ಬರೆಯುತ್ತಿರುವುದು ನಾನು ಕಂಡದ್ದನ್ನು.

ನಾನು ಅವರನ್ನು ಕಡೆಯದಾಗಿ ಕಂಡದ್ದು ಆ ಭಾನುವಾರವೇ. ಬಸ್ಸಿನ ಹೊತ್ತಾಯಿತೆಂದು ಎದ್ದಾಗ ನಂಜುಂಡ ತಾನೇ ಚಪ್ಪಲಿ ಮೆಟ್ಟಿಕೊಂಡು ಹೊರಟ. ನಿಲ್ದಾಣದವರೆಗೆ ಮೂವರೂ ನಡೆದೆವು. ಬಸ್ಸು ಬಂದಾಗ ಮಾದಪ್ಪನವರು ಅದರ ಬೋರ್ಡಿನ ಕಡೆ ಮುಖವೆತ್ತಿ ಸುಮ್ಮನೆ ನಿಂತರು. ನಂಜುಂಡ, "ತಾಳವಾಡೀದೇ ಅಣ್ಣ, ಬನ್ನಿ" ಎಂದು ಅವರ ಮೊಣಕೈ ಹಿಡಿದು ಮೆಟ್ಟಿಲು ಹತ್ತಿಸಿ, ತಾನೂ ಹಿಂದೆಯೇ ಹತ್ತಿ, ಒಳಗಿನಿಂದ ನನಗೆ ಕೂಗಿ ಹೇಳಿದ: "ಮಾವ, ನೀವು ಮನೆಗ ನಡೀರಿ. ನಾನು ಇವ್ರುನ್ನ ಅಂಗ್ಡಿ ಗಂಟ ಬುಟ್ಟು ಬತ್ತಿನಿ."