ಗಾರೆ ಮೇಸ್ತ್ರಿಗೆ ಮೊದಲ ಎಲೆ

ನಾನು ಅರಸೀಕೆರೆಯ ಕಾಲೇಜೊಂದರಲ್ಲಿ ಇಂಗ್ಲಿಷ್ ಮೇಡಂ. ಹಳೇಬೀಡಿನಿಂದ ಬೆಳಗಿನ ಬಸ್ಸು ಹಿಡಿದರೆ ಜಾವಗಲ್‌ನಲ್ಲಿ ನನ್ನ ಅರ್ಧ ಕ್ಲಾಸೇ ಹತ್ತಿಕೊಳ್ಳುತ್ತದೆ. ಆ ವರ್ಷ ಪಠ್ಯಕ್ಕೆ ಅಮೆರಿಕದ ಒಂದು ಕಾದಂಬರಿ ಇತ್ತು. ಬರಿಗೈಯಲ್ಲಿ ಹಡಗಿಳಿದವನ ಮಗ ದುಡ್ಡು ಮಾಡಿ, ಗುಡ್ಡದ ಮೇಲೆ ನಲವತ್ತು ಕೋಣೆಯ ಮನೆ ಕಟ್ಟಿಸಿ, ಕೊನೆಗೆ ಉದ್ದನೆಯ ಮೇಜಿನ ಮುಂದೆ ಒಬ್ಬನೇ ಕೂತು ಉಣ್ಣುವ ಕತೆ. ‘ಹಣ ಮತ್ತು ಅಮೆರಿಕನ್ ಕನಸು’ ಎಂದು ಹನ್ನೆರಡು ಪುಟದ ನೋಟ್ಸ್ ಬರೆಸಿದ್ದೆ. ಅದನ್ನು ಗಿಣಿಪಾಠ ಒಪ್ಪಿಸಿದವರಿಗೆ ಅಂಕ ಕೊಡುವುದರಲ್ಲಿ ನಾನು ಮಹಾ ಧಾರಾಳಿ.

ಜಾವಗಲ್‌ನ ಒಬ್ಬ ಹುಡುಗಿ ಮಾತ್ರ ದಿನಾ ಅದರ ನಂತರದ ಬಸ್ಸಿಗೆ ಬಂದು ಮೊದಲ ಪೀರಿಯಡ್ಡಿಗೆ ತಡ ಮಾಡುತ್ತಿದ್ದಳು. ಬಾಗಿಲಲ್ಲೇ ನಿಲ್ಲಿಸಿ ಗದರಿದೆ.

“ಮನೆಗೆ ಮೋಲ್ಡ್ ಹಾಕೈತೆ ಮೇಡಂ, ನೀರು ಹಾಕಿ ಬರ್ಬೇಕು. ಅವ್ವ ಬೆಳಿಗ್ಗೇನೇ ಸ್ಕೂಲಿಗೆ ಹೋಯ್ತಾರೆ.”

ಅವಳ ತಾಯಿ ಶಾಲೆಯಲ್ಲಿ ಬಿಸಿಯೂಟ ಮಾಡುವವರು. ಹೆಂಚಿನ ಮನೆ ಕೆಡವಿ ಕಾಂಕ್ರೀಟ್ ಛಾವಣಿಯ ಎರಡು ಕೋಣೆ ಎಬ್ಬಿಸುತ್ತಿದ್ದರು. ನನ್ನ ಸಿಟ್ಟು ಆಗಲೂ ಇಳಿಯಲಿಲ್ಲ.

ಕಿರುಪರೀಕ್ಷೆಯಲ್ಲಿ ‘ನಾಯಕನ ಕನಸು ಈಡೇರಿತೇ?’ ಎಂದು ಕೇಳಿದ್ದೆ. ಅವಳು ತಪ್ಪು ತಪ್ಪು ಇಂಗ್ಲಿಷಿನಲ್ಲಿ ಬರೆದಿದ್ದಳು: ‘ಈಡೇರಲಿಲ್ಲ. ಅವನು ಗೃಹಪ್ರವೇಶ ಮಾಡಲಿಲ್ಲ. ಮನೆ ಕಟ್ಟಿದ ಗಾರೆ ಮೇಸ್ತ್ರಿಯನ್ನು ಊಟಕ್ಕೆ ಕರೆಯಲಿಲ್ಲ. ಮೇಸ್ತ್ರಿಯ ಹೆಸರೂ ಪುಸ್ತಕದಲ್ಲಿಲ್ಲ. ಆಮೇಲೆ ನಾಯಕನ ಮೇಜಿಗೆ ಯಾರು ಬರುತ್ತಾರೆ?’ ಸ್ಟಾಫ್ ರೂಮಿನಲ್ಲಿ ಓದಿ ಹೇಳಿ ಎಲ್ಲರನ್ನೂ ನಗಿಸಿದೆ. ಕೆಂಪು ಇಂಕಿನಲ್ಲಿ ‘ಅಪ್ರಸ್ತುತ’ ಎಂದು ಗೀಚಿ ಹತ್ತಕ್ಕೆ ಎರಡು ಕೊಟ್ಟೆ.

ಎರಡು ತಿಂಗಳ ಮೇಲೆ ಅವಳು ಗೃಹಪ್ರವೇಶದ ಕಾರ್ಡು ತಂದುಕೊಟ್ಟಳು. ಕೊಟ್ಟವಳು ಹೋಗದೆ ನಿಂತಳು.

“ಮೇಡಂ, ಮುಂದಿನ ಸೆಮಿಸ್ಟರಿಗೆ ಇಂಗ್ಲಿಷ್ ಬಿಡ್ತೀನಿ. ನನ್ ತಲೆಗೆ ಹತ್ತಲ್ಲ. ಸೋಮವಾರ ಅರ್ಜಿ ಕೊಡ್ತೀನಿ.”

“ನಿನ್ನಿಷ್ಟ” ಎಂದೆ. ಪಾಠ ಬಿಟ್ಟು ಮಿಕ್ಕಿದ್ದೆಲ್ಲ ಬರೆಯುವವಳು ಹೋದರೆ ಹೋಗಲಿ ಎಂದೇ ಅಂದುಕೊಂಡಿದ್ದೆ.

ಭಾನುವಾರ ಜಾವಗಲ್‌ಗೆ ಹೋದಾಗ ಹಾಲು ಉಕ್ಕಿಸಿ ಆಗಿತ್ತು. ಶಾಮಿಯಾನದಡಿ ಎಲೆ ಹಾಕಿದ್ದರು. ಮೊದಲ ಪಂಕ್ತಿಯ ಮೊದಲ ಎಲೆಯ ಮುಂದೆ ಗಾರೆ ಮೇಸ್ತ್ರಿ ಕೂತಿದ್ದರು. ಮಡಿಕೆ ಬಿಡದ ಹೊಸ ಪಂಚೆ, ಹೆಗಲಲ್ಲಿ ಟವೆಲ್, ಕೈಯಲ್ಲಿ ಸುಣ್ಣದ ಕಲೆ. ಪಕ್ಕದಲ್ಲಿ ಅವರ ಆಳುಗಳು. ಹುಡುಗಿಯ ತಾಯಿ ತಾವೇ ಬಗ್ಗಿ ಅವರಿಗೆ ಪಾಯಸ ಬಡಿಸಿದರು. ಆಮೇಲೆಯೇ ನೆಂಟರಿಷ್ಟರಿಗೆ.

ಹಳೇಬೀಡಿನಲ್ಲಿ ನಾನೂ ಮನೆ ಕಟ್ಟಿಸಿದ್ದೇನೆ. ಗೃಹಪ್ರವೇಶಕ್ಕೆ ಕಾಲೇಜೆಲ್ಲ ಬಂದಿತ್ತು. ಮೇಸ್ತ್ರಿ ಬಂದಿದ್ದರೇ? ಎಷ್ಟು ಯೋಚಿಸಿದರೂ ಅವರ ಮುಖ ನೆನಪಾಗಲಿಲ್ಲ. ಆ ಕೆಂಪು ಇಂಕು ನೆನೆದು ನಾಚಿಕೆಯಾಯಿತು. ಎರಡನೇ ಪಂಕ್ತಿಯಲ್ಲಿ ನಾನೂ ಊಟಕ್ಕೆ ಕೂತೆ.

ಹುಡುಗಿಯ ತಾಯಿ ನನ್ನ ಎಲೆಯ ಹತ್ತಿರ ಬಂದು ನಿಂತರು.

“ಮೇಡಮ್ಮೋರೆ, ಆ ಅಮೆರಿಕದವ್ನು ಕೊನೇಗಾದ್ರೂ ಯಾರನ್ನಾದ್ರೂ ಊಟಕ್ಕೆ ಕರೆದ್ನಾ?”

ನಾನು ತಬ್ಬಿಬ್ಬಾದೆ. “ನಿಮಗೆ ಹೇಗೆ ಗೊತ್ತು?”

“ಸಂಜೆ ಮೋಲ್ಡಿಗೆ ನೀರು ಬಿಡೋವಾಗ ಇವ್ಳು ದಿನಾ ಒಂದೊಂದು ಪಾಠ ಹೇಳೋಳು. ನಾನು ಪೈಪ್ ಹಿಡ್ಕೊಂಡು ಕೇಳ್ತಿದ್ದೆ. ಅವ್ನ ಕತೆ ಕೇಳೇ ನಾನು ಮೇಸ್ತ್ರಿಗೆ ಒಂದು ಪಂಚೆ ಸಾಕು ಅನ್ಕಂಡಿದ್ದೋಳು ಆಳುಗಳಿಗೂ ಬಟ್ಟೆ ತಂದೆ. ಈಗ ಇವ್ಳು ಇಂಗ್ಲೀಸು ಬಿಡ್ತೀನಿ ಅಂತಾಳೆ. ಮುಂದಿನ ಕತೆ ನಂಗ್ಯಾರು ಹೇಳ್ತಾರೆ?”

ಹುಡುಗಿ ಪಲ್ಯದ ಬಕೆಟ್ ಹಿಡಿದು ಅಲ್ಲೇ ನಿಂತಿದ್ದಳು. ಅಷ್ಟು ಜನರ ಎದುರೇ ಹೇಳಿದೆ: “ತಪ್ಪು ನಂದು ಕಣೇ. ನೀನು ಬರೆದದ್ದು ಸರಿ ಇತ್ತು. ನನ್ನ ಹನ್ನೆರಡು ಪುಟದಲ್ಲಿ ಆ ಮೇಸ್ತ್ರಿ ಇರಲೇ ಇಲ್ಲ.”

ಅವಳು ನನ್ನ ಎಲೆಗೆ ಎರಡನೇ ಸಲ ಪಲ್ಯ ಹಾಕಿ ಮುಂದೆ ಹೋದಳು.

ಸೋಮವಾರ ಬಸ್ಸು ಜಾವಗಲ್‌ನಲ್ಲಿ ನಿಂತಾಗ ನನ್ನ ಕಣ್ಣು ಬಾಗಿಲ ಮೇಲೇ ಇತ್ತು. ಅವಳು ಹತ್ತಿದಳು, ತಿಂಗಳುಗಟ್ಟಲೆ ಆದ ಮೇಲೆ ಮೊದಲ ಸಲ ಸರಿಯಾದ ಬಸ್ಸಿಗೆ. ಕೈಯಲ್ಲಿ ಅರ್ಜಿ ಇರಲಿಲ್ಲ. ಪಕ್ಕದಲ್ಲಿ ಕೂತು ಬ್ಯಾಗಿನಿಂದ ಪುಸ್ತಕ ತೆಗೆದಳು.

“ಮೇಡಂ, ಮುಂದಿನ ಪಾಠ ದಾರೀಲಿ ಬಾಣಾವರ ಬರೋದ್ರೊಳಗೆ ಸ್ವಲ್ಪ ಹೇಳ್ಬಿಡಿ. ಸಂಜೆ ಅವ್ವ ಕೇಳ್ತಾರೆ.”