ಟೇಪಿನಲ್ಲಿದ್ದ ಒಂದು ಹೆಸರು

ಅರವತ್ತರ ದಶಕದ ನಡುವಿನ ಮಾತು. ನಾನಾಗ ಹಾಸನದಲ್ಲಿ ವಾಚನಾಲಯಗಳನ್ನು ನೋಡಿಕೊಳ್ಳುವ ಕಚೇರಿಯೊಂದರಲ್ಲಿ ಕ್ಷೇತ್ರ ಸಹಾಯಕ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕು ಊರುಗಳ ಹಳೆಯ ಗ್ರಂಥಪಾಲಕರನ್ನು ಕಂಡು, ರೇಡಿಯೋ ಬಂದ ಮೇಲೆ ವಾಚನಾಲಯಕ್ಕೂ ಊರಿಗೂ ಇದ್ದ ನಂಟು ಏನಾಯಿತೆಂದು ಅವರ ಬಾಯಿಂದಲೇ ಕೇಳಿ ದಾಖಲಿಸುವುದು ನನ್ನ ಕೆಲಸ. ಅದಕ್ಕೆಂದು ಕಚೇರಿ ಒಂದು ಟೇಪ್ ರೆಕಾರ್ಡರ್ ಕೊಟ್ಟಿತ್ತು. ಹೆಣಭಾರ. ಬಸ್ಸಿನ ಟಾಪಿಗೆ ಏರಿಸಲು ಬಿಡದೆ ತೊಡೆಯ ಮೇಲೇ ಇಟ್ಟುಕೊಂಡು ಹೋಗುತ್ತಿದ್ದೆ.

ಟೇಪು ಸುತ್ತಿದ ಚಕ್ರಕ್ಕೆ ಸ್ಪೂಲ್ ಎನ್ನುತ್ತಿದ್ದೆವು. ನಮಗಿದ್ದುದು ಒಂದೇ ಸ್ಪೂಲ್. ಹಾಗಾಗಿ ಒಬ್ಬರ ಮಾತನ್ನು ಕೇಳಿ ಶುದ್ಧಪ್ರತಿ ಬರೆದು, ಸಾಹೇಬರ ಸಹಿ ಬಿದ್ದ ಮೇಲೆ, ಅದೇ ಟೇಪಿನ ಮೇಲೆ ಮುಂದಿನವರ ಮಾತು ತುಂಬುವುದು ಕಚೇರಿಯ ಕ್ರಮ. ಹೊಸದು ತುಂಬಿದಂತೆ ಹಳೆಯದು ತಾನಾಗಿ ಅಳಿಯುತ್ತಿತ್ತು. ಶುದ್ಧಪ್ರತಿ ಬರೆಯುವುದರಲ್ಲಿ ನನಗೆ ಎಲ್ಲಿಲ್ಲದ ಹೆಮ್ಮೆ. ಹಳ್ಳಿಯವರ ಮಾತನ್ನು ತಿದ್ದಿ ತೀಡಿ ಒಳ್ಳೆಯ ಗ್ರಾಂಥಿಕ ಕನ್ನಡಕ್ಕೆ ತರುವುದೇ ವಿದ್ಯೆ ಎಂದುಕೊಂಡಿದ್ದೆ.

ಅರಕಲಗೂಡಿನ ಗ್ರಂಥಪಾಲಕರು ಪುಟ್ಟೇಗೌಡರು. ಅವರ ವಾಚನಾಲಯಕ್ಕೆ ಇನ್ನೂ ಕರೆಂಟು ಇರಲಿಲ್ಲ, ಮನೆಗೆ ಹೊಸದಾಗಿ ಬಂದಿತ್ತು. ಆದ್ದರಿಂದ ಅವರ ಮನೆಯ ನಡುಮನೆಯಲ್ಲೇ ಕೂತೆವು. ಅವರ ಹೆಂಡತಿ ಕೆಂಪಮ್ಮ ಒಳಗೆ ಅಡುಗೆಮನೆಯಲ್ಲಿದ್ದರು.

ಐವತ್ತರ ದಶಕದಲ್ಲಿ ವಾಚನಾಲಯಕ್ಕೆ ಬಂದಿದ್ದು ಬ್ಯಾಟರಿ ರೇಡಿಯೋ. ಬ್ಯಾಟರಿ ಇಳಿದರೆ ಚಾರ್ಜಿಗೆಂದು ಬಸ್ಸಿನಲ್ಲಿ ಹಾಸನಕ್ಕೆ ಕಳಿಸಬೇಕಿತ್ತು. "ಬ್ಯಾಟ್ರಿ ಆಸನುಕ್ ಓದ್ರೆ ನಾಕ್ ದಿನ ನಾನೇ ರೇಡಿಯೋ ಕಣ್ ಸಾ. ಜಗ್ಲಿ ಮ್ಯಾಲ್ ಕುಂತು ಪೇಪರ್ ಓದಿ ಏಳ್ತಿದ್ದೆ. ರೇಡಿಯೋ ತಾನೇಳದ್ ಏಳ್ಬುಟ್ಟು ಸುಮ್ಕಾಯ್ತದೆ. ನನ್ನಾದ್ರೆ ತಡ್ದು ಕೇಳೋರು," ಎಂದರು ಪುಟ್ಟೇಗೌಡರು. ಆಮೇಲೆ ದನಿ ತಗ್ಗಿಸಿ, "ಒಂದೊಂದ್ಸಲ ಬ್ಯಾಟ್ರಿ ಬಂದಿದ್ರೂ ಬಂದಿಲ್ಲ ಅಂತ ಒಂದಿನ ಬಚ್ಚಿಡ್ತಿದ್ದೆ. ಇದ್ನ ಬರ್ಕಬ್ಯಾಡಿ," ಎಂದು ನಕ್ಕರು.

ಪೇಪರಿನ ಭಾಷೆ ಓದುಬರಹ ಬಾರದವರಿಗೆ ಹೇಗೆ ತಿಳಿಯುತ್ತಿತ್ತು ಎಂದು ಕೇಳಿದೆ.

"ಮೊದ್ಲು ನಮ್ ಕೆಂಪಮ್ಮುಂಗೆ ಓದಿ ಏಳ್ತಿದ್ದೆ ಸಾ. ಕೆಂಪಮ್ಮುಂಗೆ ಅರ್ಥ ಆದ್ರೆ ಊರ್ಗೆಲ್ಲ ಅರ್ಥ ಆಯ್ತದೆ."

ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ನಿಂತಿತು. ಟೇಪಿಗೆ ಸದ್ದು ಬೀಳುವುದು ತಪ್ಪಿತಲ್ಲ ಎಂದು ನನಗೆ ಸಮಾಧಾನವಾಯಿತು, ಅಷ್ಟೇ.

ಹಾಸನಕ್ಕೆ ಮರಳಿ ಶುದ್ಧಪ್ರತಿಯಲ್ಲಿ ಆ ಮಾತನ್ನು ಹೀಗೆ ಬರೆದೆ: 'ವಾರ್ತೆಗಳನ್ನು ಮನೆಯಲ್ಲಿ ಮುಂಚಿತವಾಗಿ ಓದಿ ಅಭ್ಯಾಸ ಮಾಡಿಕೊಳ್ಳಲಾಗುತ್ತಿತ್ತು.' ಸಹಿ ಬಿತ್ತು. ಮುಂದಿನ ವಾರ, ಕೊನೆಯ ಊರಾದ ಚನ್ನರಾಯಪಟ್ಟಣದ ಗ್ರಂಥಪಾಲಕರ ಮಾತನ್ನು ಅದೇ ಟೇಪಿಗೆ ತುಂಬಿಕೊಂಡು ಬಂದೆ.

ಕೆಲವು ತಿಂಗಳಲ್ಲಿ ಪುಟ್ಟೇಗೌಡರು ತೀರಿಕೊಂಡರು. ತಿಥಿ ಕಳೆದ ಮೇಲೆ ಕೆಂಪಮ್ಮ ಒಬ್ಬರೇ ಬಸ್ಸು ಹತ್ತಿ ನಮ್ಮ ಕಚೇರಿಗೆ ಬಂದರು. ಬೆಂಚಿನ ತುದಿಯಲ್ಲಿ ಕೂತರು.

"ನಮ್ಮೋರು ಒಂದಿನಾನೂ ನನ್ನ ಎಸ್ರಿಡ್ದು ಕರ್ದೋರಲ್ಲ ಸಾ. ಏ ಅಮ್ಮೀ ಅಂತಿದ್ರು, ಅಷ್ಟೇಯ. ಅವತ್ತು ನಿಮ್ಮ ಮಿಸಿನ್ ಮುಂದೆ ಎಲ್ಡು ಸಲ ಅಂದ್ರು. ಅದ್ನ ಇನ್ನೊಂದ್ಸಲ ಕೇಳ್ಬೇಕು."

ನಿಜ ಹೇಳಲು ಧೈರ್ಯ ಸಾಲದೆ ಶುದ್ಧಪ್ರತಿ ತೆಗೆದು ಆ ವಾಕ್ಯವನ್ನು ಓದಿದೆ. ಅವರು ಪೂರ್ತಿ ಕೇಳಿ, "ಇದ್ರಲ್ಲಿ ನಾನೆಲ್ಲಿವ್ನಿ ಸಾ?" ಎಂದರು.

ಆಗ ಟೇಪು ಅಳಿಸಿದ್ದನ್ನು ಒಪ್ಪಿಕೊಂಡೆ. ಅವರು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಚನ್ನರಾಯಪಟ್ಟಣದವರು ಮಾತು ಕಡಿಮೆ ಆಡಿದ್ದರೆಂಬುದು ಆಗ ನೆನಪಾಯಿತು. ಅವರ ಮಾತು ಮುಗಿದ ಮೇಲೆ ಟೇಪಿನ ತುದಿಯಲ್ಲಿ ಹಳೆಯದು ಒಂದಿಷ್ಟು ಉಳಿದಿರಬಹುದು. ಸ್ಪೂಲ್ ಹಾಕಿ ಅವರ ಮಾತು ಮುಗಿಯುವವರೆಗೆ ಇಬ್ಬರೂ ಕಾದೆವು. ಬರೀ ಸರಸರ ಸದ್ದು. ಆಮೇಲೆ ಪುಟ್ಟೇಗೌಡರ ದನಿ ಬಂತು.

"ಆಯ್ತಾ ಸಾ? ಕಾಪಿ ಕುಡ್ಕೊಂಡೇ ಓಗ್ಬೇಕು. ಏ ಅಮ್ಮೀ..."

"ಕಾಪಿ ತಂದೆ," ಎನ್ನುತ್ತ ಕೆಂಪಮ್ಮ ಬೆಂಚಿನಿಂದ ಎದ್ದು ನಿಂತರು.

ಟೇಪಿನ ತುದಿ ಕಳಚಿಕೊಂಡು ಸ್ಪೂಲ್ ಪಟಪಟ ತಿರುಗುತ್ತಿತ್ತು. ಅವರು ನಿಧಾನವಾಗಿ ಕೂತು, "ಎಸ್ರು ಓಯ್ತು. ಇದಾದ್ರೂ ಉಳ್ಕತ್ತಲ್ಲ," ಎಂದರು. ಆಮೇಲೆ ಕೇಳಿದರು: "ಅವತ್ತು ಅಂದಿದ್ದು ನಿಮ್ಗೆ ಗ್ಯಾಪ್ಕ ಐತಾ?"

ಪುಟ್ಟೇಗೌಡರು ಆಡಿದ್ದ ಹಾಗೆಯೇ, ಒಂದಕ್ಷರ ತಿದ್ದದೆ, ಆ ಎರಡು ಮಾತನ್ನೂ ಹೇಳಿದೆ. ಇನ್ನೊಮ್ಮೆ ಹೇಳಿಸಿಕೊಂಡು, ಅರಕಲಗೂಡಿನ ಬಸ್ಸಿಗೆ ಹೊತ್ತಾಯಿತೆಂದು ಹೊರಟರು.

ಆಮೇಲೆ ನನ್ನ ನೌಕರಿಯುದ್ದಕ್ಕೂ ಯಾರ ಟೇಪನ್ನೂ ನಾನು ಅಳಿಸಲಿಲ್ಲ, ಯಾರ ಮಾತನ್ನೂ ತಿದ್ದಲಿಲ್ಲ. ನನಗೆ ಬೇಡವೆನಿಸಿದ ಮಾತಿಗಾಗಿ ಯಾರೋ ಜೀವ ಹಿಡಿದು ಕಾದಿರುತ್ತಾರೆಂದು ಆ ದಿನ ಕಲಿತೆ. ಅಂದು ಸಂಜೆಯೇ ಶುದ್ಧಪ್ರತಿಯ ಆ ವಾಕ್ಯ ಹೊಡೆದುಹಾಕಿ, ಪುಟ್ಟೇಗೌಡರ ಮಾತನ್ನು ಇದ್ದಂತೆ ಬರೆದೆ. ಕೆಂಪಮ್ಮ ಎಂಬ ಹೆಸರು ಅಲ್ಲಿ ಎರಡು ಸಲ ಬರುತ್ತದೆ. ಒಂದು ಪ್ರತಿಯನ್ನು ಅರಕಲಗೂಡಿಗೆ ಅಂಚೆಯಲ್ಲಿ ಕಳಿಸಿದೆ. ಕೆಂಪಮ್ಮನಿಗೆ ಓದಲು ಬರುತ್ತಿರಲಿಲ್ಲ, ಓದಿ ಹೇಳುತ್ತಿದ್ದವರು ಇರಲಿಲ್ಲ.