ಮಹಾನುಭಾವನ ಜಾವಕ ನಂಬರು

ಬೆಳಿಗ್ಗೆ ವಾಚ್‌ಮನ್ ಸೊಸೈಟಿಯ ನೋಟಿಸು ಕೊಟ್ಟುಹೋದ. ನೀರಿನ ಟ್ಯಾಂಕು ತೊಳೆಯುತ್ತಾರಂತೆ. ಕೆಳಗೆ ಒತ್ತಿದ ನೇರಳೆ ಸೀಲಿನ ಶಾಯಿ ಇನ್ನೂ ಆರಿರಲಿಲ್ಲ. ಕಾಗದವನ್ನು ಮೂಗಿಗೆ ಹಿಡಿದೆ. ನಗಬೇಡಿ. ಠಾಣೆ ಊರಿನ ಆಫೀಸೊಂದರ ಆವಕ-ಜಾವಕ ವಿಭಾಗದಲ್ಲಿ, ಅಂದರೆ ಒಳಬರುವ, ಹೊರಹೋಗುವ ಕಾಗದಗಳಿಗೆ ನಂಬರು ಹಾಕುವ ಮೇಜಿನಲ್ಲಿ, ಅರ್ಧ ಆಯುಷ್ಯ ಕಳೆದವನಿಗೆ ಈ ವಾಸನೆ ಮಲ್ಲಿಗೆಗಿಂತ ಕಡಿಮೆಯದಲ್ಲ. ಆದರೆ ಇವತ್ತು ಅದರಿಂದ ನೆನಪಾದದ್ದು ಆಫೀಸಲ್ಲ. ನಾನು ಸಂಗೀತ ವಿಮರ್ಶಕನಾಗಿದ್ದ ಕೆಲವು ತಿಂಗಳು.

ಆಗ ಮಗಳು ಅನಘಾ ಒಂಬತ್ತನೆಯ ಕ್ಲಾಸು. ಶನಿವಾರ ಡೊಂಬಿವಲಿಯಿಂದ ಠಾಣೆ, ಅಲ್ಲಿ ಲೋಕಲ್ ಗಾಡಿ ಬದಲಿಸಿ ಕೋಪರಖೈರಣೆ; ಮಂಗಳೂರು ಕಡೆಯ ಲೀನಾ ಟೀಚರ ಮನೆಯಲ್ಲಿ ಪಿಯಾನೋ ಪಾಠ. ಮೂಲೆಯ ಸ್ಟೂಲಿನಲ್ಲಿ ಕೂತು ನಾನು ಚಿಂತಿಸುತ್ತಿದ್ದೆ. ಚಿಂತೆಗೆ ನನಗೆ ಕಾರಣ ಬೇಡ, ಕೂರಲು ಜಾಗ ಸಿಕ್ಕಿದರೆ ಸಾಕು. ವಾಪಸು ಗಾಡಿ ತಪ್ಪಿದರೆ? ಮಾರ್ಕು ಇಳಿದರೆ? ಪಿಯಾನೋದ ಮುಚ್ಚಳ ಬೆರಳ ಮೇಲೆ ಬಿದ್ದರೆ?

ವಾರ್ಷಿಕ ಕಾರ್ಯಕ್ರಮಕ್ಕೆ ಅವಳು ಆರಿಸಿಕೊಂಡದ್ದು ಯುರೋಪಿನ ಒಬ್ಬ ಮಹಾನುಭಾವನ ಕೃತಿ. ಅವನ ಹೆಸರು ಬರೆಯುವುದಿಲ್ಲ; ನಾನು ಹೇಗೆ ಉಚ್ಚರಿಸಿದರೂ ಮನೆಯಲ್ಲಿ ನಗುತ್ತಾರೆ. ಪುಸ್ತಕದಲ್ಲಿ ಕೃತಿಗೊಂದು ನಂಬರಿತ್ತು: ಎರಡು. ನಂಬರೆಂದರೆ ನನ್ನ ಕಿವಿ ನೆಟ್ಟಗಾಗುತ್ತದೆ. ಆಫೀಸಿನ ಕಂಪ್ಯೂಟರಿನಲ್ಲಿ ಹುಡುಕಿ ಓದಿದೆ. ಅವನ ಆರಂಭದ ಪಿಯಾನೋ ಕೃತಿಗಳಲ್ಲಿ ಗುರುಗಳ ನೆರಳು ಹೆಚ್ಚು, ಮೇರುಕೃತಿಗಳೆಲ್ಲ ಆಮೇಲಿನವು ಎಂದು ಯಾರೋ ಪಂಡಿತರು ಬರೆದಿದ್ದರು. ತುಂಬಿದ ಸಭೆಯಲ್ಲಿ ಮಗಳು ಎಳಸು ಸರಕು ನುಡಿಸುವುದೇ?

“ಇದು ಬೇಡ,” ಎಂದೆ. “ನಂಬರ್ ಎರಡು ಅಂದ್ರೆ ಮೊನ್ನೆ ಮೊನ್ನೆ ಕೆಲಸಕ್ಕೆ ಸೇರಿದವನ ಕಾಗದ. ಮೇಲಿನ ನಂಬರಿಂದು ತೆಗಿ.”

“ಪಪ್ಪಾ, ಮುಝೆ ಯಹೀ ಪಸಂದ್ ಹೈ. ತೀನ್ ಮಹೀನೇ ಸೇ ಕರ್ ರಹೀ ಹೂಂ.” ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಇದೇ ಇಷ್ಟವಂತೆ, ಮೂರು ತಿಂಗಳ ಅಭ್ಯಾಸವಂತೆ.

“ಇಷ್ಟ ಬೇರೆ, ಪಕ್ವತೆ ಬೇರೆ.”

ಪಕ್ವತೆ ಎಂಬ ಶಬ್ದವನ್ನು ಅದುವರೆಗೆ ನಾನು ಬಾಳೆಹಣ್ಣಿಗೂ ಬಳಸಿದವನಲ್ಲ. ಅವಳು ನನ್ನನ್ನೇ ನೋಡಿದಳು, ಪುಟ ತಿರುವಿದಳು, ನಲವತ್ತೊಂಬತ್ತನೆಯ ನಂಬರನ್ನು ತೋರಿಸಿದಳು. ನಲವತ್ತೊಂಬತ್ತು! ಸರ್ವಿಸು ಆದವನು. ಮಂಜೂರು ಮಾಡಿದೆ.

ಮರುದಿನದಿಂದ ಅವಳು ಮನೆಯ ಕೀಬೋರ್ಡಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡಳು. ಸಂಜೆ ನಾನು ಬರುವಾಗ ಮೆಟ್ಟಿಲವರೆಗೆ ಕೇಳಿಸುತ್ತಿದ್ದ ಸಂಗೀತ ನಿಂತಿತು. ಉಳಿದದ್ದು ಪ್ಲಾಸ್ಟಿಕ್ ಕೀಗಳ ಟಕಟಕ. ಯಾಕೆಂದು ಕೇಳಿದರೆ, “ಆಪ್ ಜಡ್ಜ್ ಕರತೇ ಹೋ,” ಎಂದಳು. ನಾನು ತೀರ್ಪು ಕೊಡುತ್ತೇನಂತೆ. ಹೆಂಡತಿ ಮಾತ್ರ ಕೇಳಬಹುದಿತ್ತು, ಅದೂ ನಾನು ಆಫೀಸಿನಲ್ಲಿದ್ದಾಗ. ನನ್ನ ಮನೆಯಲ್ಲೇ ಮಗಳ ಸಂಗೀತ ನನಗೊಬ್ಬನಿಗೆ ಬಂದ್ ಆಗಿತ್ತು.

ವಾಶಿಯ ಹಾಲಿನಲ್ಲಿ ಅವಳು ಚೆನ್ನಾಗಿಯೇ ನುಡಿಸಿದಳು. ಪಕ್ಕದ ಸೀಟಿನವರಿಗೆ ನಾನು ಪಿಸುಮಾತಿನಲ್ಲಿ ಪಕ್ವತೆಯ ಬಗ್ಗೆ ತಿಳಿಸಿಕೊಟ್ಟೆ. ನನ್ನ ಪಿಸುಮಾತು ಮೂರು ಸಾಲಿನವರೆಗೆ ಹೋಗುತ್ತದೆ.

ಮುಗಿದ ಮೇಲೆ ಲೀನಾ ಟೀಚರು ಹಿಡಿದರು. “ಎಂತ ಪಕ್ವ ಮಾರಾಯ್ರೆ? ಇದು ಕಲಿಯುವವರಿಗೆ ಅಂತ ಬರೆದ ಸುಲಭದ್ದು. ಎರಡನೇ ನಂಬರಿನ ಕಾಲದ್ದೇ. ಅದೇ ಇದಕ್ಕಿಂತ ಕಷ್ಟ ಉಂಟು. ಇದು ಸುಮಾರು ವರ್ಷ ಹಾಗೇ ಬಿದ್ದಿತ್ತು. ಮತ್ತೆ ಅವನ ತಮ್ಮ ತೆಗೆದು ಪ್ರಿಂಟಿಗೆ ಕೊಟ್ಟದ್ದಂತೆ. ಆಗ ಬಿದ್ದ ನಂಬರು. ನಿಮ್ಮ ಆಫೀಸಲ್ಲಿ ಬರೆದ ದಿನವೇ ಕಾಗದ ಹೊರಗೆ ಹೋಗ್ತದಾ?”

ಹೋಗುವುದಿಲ್ಲ. ಡ್ರಾಫ್ಟು ಸಾಹೇಬರ ಡ್ರಾಯರಿನಲ್ಲಿ ವರ್ಷಗಟ್ಟಲೆ ಮಲಗುತ್ತದೆ. ಎದ್ದು ಹೊರಟ ದಿನ ಅದಕ್ಕೆ ಜಾವಕ ನಂಬರು. ಹಾಕುವವನು ನಾನೇ.

“ನಿಂಗೆ ಗೊತ್ತಿತ್ತಾ?” ಪ್ಲಾಟ್‌ಫಾರ್ಮಿನಲ್ಲಿ ಮಗಳನ್ನು ಕೇಳಿದೆ.

“ಹಾಂ. ಆಪ್ ಇತನೇ ಖುಶ್ ಥೇ. ಔರ್ ಈಝೀ ಭೀ ಥಾ.” ನಾನು ಅಷ್ಟು ಖುಷಿಯಾಗಿದ್ದೆನಂತೆ; ಮೇಲಾಗಿ ಅದು ಸುಲಭವೂ ಇತ್ತಂತೆ.

“ತಪ್ಪಾಯ್ತು ಮಗಾ. ಆ ಎರಡನೇದು ಮನೆಯಲ್ಲಿ ಬಾರಿಸ್ತೀಯಾ? ನಂಗೂ ಕೇಳುವ ಹಾಗೆ?”

“ದೇಖೂಂಗಿ.”

ಹನ್ನೊಂದು ದಿನ ನೋಡಿದಳು. ಹನ್ನೆರಡನೆಯ ಸಂಜೆ ನಾನು ತೆಂಗಿನಕಾಯಿ ತುರಿಯುತ್ತಿದ್ದಾಗ ಹೆಡ್‌ಫೋನಿನ ವೈರು ಕಿತ್ತಳು. ನಾನು ಕೆಮ್ಮಲೂ ಹೆದರಿದೆ.

ಈಗ ಅವಳು ಸೀವುಡ್ಸ್‌ನಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಪಂಡಿತರು ಮೆಚ್ಚಿದ ಕೊನೆಗಾಲದ ಕೃತಿಗಳನ್ನೂ ಕಲಿತಿದ್ದಾಳೆ. ಅವು ದೊಡ್ಡವೇ ಇರಬೇಕು; ಕೇಳುವಾಗ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಆದರೆ ನನ್ನ ಜೀವ ಎರಡನೇ ನಂಬರಿನಲ್ಲೇ. ಹೊಸಬನೊಬ್ಬ ಗುರುಗಳ ಎದುರು ನಿಂತು, ಒಳಗೊಳಗೆ ನಡುಗುತ್ತಲೇ, ಇನ್ನು ಸ್ವಲ್ಪ ನನ್ನದೂ ಕೇಳಿ ಎನ್ನುವ ಹಾಗಿದೆ. ಆ ನಡುಕ ನನಗೆ ಅರ್ಥವಾಗುತ್ತದೆ.

ಇವತ್ತು ರಜೆ. ಒಳಗೆ ಅದನ್ನೇ ನುಡಿಸಿ ಮುಗಿಸಿದಳು.

“ಪಪ್ಪಾ, ಕೈಸಾ ಥಾ?”

ನಾಲಿಗೆಯ ತುದಿಗೆ ನಾಲ್ಕು ಅಭಿಪ್ರಾಯ ಬಂದವು. ನುಂಗಿಕೊಂಡೆ. “ಇನ್ನೊಮ್ಮೆ ಬಾರಿಸು,” ಎಂದೆ.

“ಅರೇ, ಯೇ ಭೀ ತೋ ಜಡ್ಜ್‌ಮೆಂಟ್ ಹೈ!” ಇದೂ ತೀರ್ಪೇ ಎಂದು ನಕ್ಕಳು. ನಕ್ಕು, ಮೊದಲಿನಿಂದ ಶುರುಮಾಡಿದಳು.